ಮುತ್ತು ಕಟ್ಟಿಸಿಕೊಂಡವರಿಗೂ ಪಾಲಿದೆ

ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಹೊಸಪೇಟೆಯಿಂದ ಹುಲಿಗಿಗೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತುಂಗಭದ್ರೆಯ ಆಚೆ ದಡದಲ್ಲಿ, ಕೊಪ್ಪಳ ಜಿಲ್ಲೆಗೆ ಸೇರಿದ ಹುಲಿಗೆಮ್ಮನ ಗುಡಿಯ ಮುಂದೆ ಪಡ್ಡಲಗಿ ಬುಟ್ಟಿ ಹಿಡಿದ, ದೇವಿಗೆ ಬಿಟ್ಟ ಜೋಗತಿಯರ ಕಾಲಿಗೆ ಜನ ಬೀಳುತ್ತಾರೆ, ಮಕ್ಕಳ ಹಣೆಗೆ ಭಂಡಾರ ಹಚ್ಚಿಸುತ್ತಾರೆ. ಆ ಜೋಗತಿಯರಲ್ಲಿ ಗಂಡಾಗಿ ಹುಟ್ಟಿ, ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು, ಸೀರೆ ಉಟ್ಟು ಬದುಕುವವರೂ ಇದ್ದಾರೆ. ಅವರೇ ಮರುದಿನ ಬಾಡಿಗೆ ಮನೆ ಕೇಳಿಕೊಂಡು ಹೋದರೆ, ನಿನ್ನೆ ಕೈ ಮುಗಿದವರು ಬಾಗಿಲಲ್ಲೇ ನಿಲ್ಲಿಸಿ ‘ಖಾಲಿ ಇಲ್ಲ’ ಎನ್ನುತ್ತಾರೆ. ಹೊಸಪೇಟೆಯ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೆ ಇಂಥವರು ಬರುತ್ತಲೇ ಇರುತ್ತಾರೆ. ಭಕ್ತಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಅವರು ಕೇಳಿಕೊಂಡು ಬರುವುದು ಹಕ್ಕನ್ನು.

ಇಂಥ ಜೋಗತಿಯರ ಮಾತು ಬಂದಾಗಲೆಲ್ಲ ನಮ್ಮ ಕಡೆ ಮೊದಲು ನೆನಪಾಗುವ ಹೆಸರು ಮಂಜಮ್ಮ ಜೋಗತಿಯವರದು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದವರು, ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಹದಿಹರೆಯದಲ್ಲಿ ಮನೆಯವರು ಇದೇ ಹುಲಿಗಿಗೆ ಕರೆತಂದು, ಉಡಿದಾರ ಹರಿಸಿ, ಮುತ್ತು ಕಟ್ಟಿಸಿದರು. ಲಂಗ, ಕುಪ್ಪಸ, ಬಳೆ ತೊಡಿಸಿದರು. ತನ್ನ ಮಗ ಸತ್ತಂತೆಯೇ ಎಂದು ತಾಯಿ ಅತ್ತಿದ್ದನ್ನು ಮಂಜಮ್ಮ ಹಲವು ಕಡೆ ಹೇಳಿಕೊಂಡಿದ್ದಾರೆ. ಆಮೇಲೆ ಮನೆ ಬಿಟ್ಟದ್ದು, ವಿಷ ಕುಡಿದದ್ದು, ಭಿಕ್ಷೆ ಬೇಡಿದ್ದು, ದೌರ್ಜನ್ಯಕ್ಕೆ ಸಿಕ್ಕದ್ದು ಯಾವುದನ್ನೂ ಅವರು ಮುಚ್ಚಿಟ್ಟಿಲ್ಲ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಒಬ್ಬ ತಂದೆ ಹಾಡುತ್ತಿದ್ದ, ಅವನ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದನ್ನು ನೋಡಿದ ಮೇಲೆ ಅವರ ದಾರಿ ತಿರುಗಿತು. ಕಾಳವ್ವ ಜೋಗತಿಯವರ ಮೇಳ ಸೇರಿದರು, ಎಲ್ಲಮ್ಮನ ಕಥೆಯನ್ನು ಊರೂರಲ್ಲಿ ಆಡಿದರು, ಹೊಸಪೇಟೆಗೆ ಹತ್ತಿರದ ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಟ್ರಾನ್ಸ್‌ಜೆಂಡರ್ ವ್ಯಕ್ತಿ ಅವರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವ ಮುಂಚೆ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗು ಹಿಡಿದು ದೃಷ್ಟಿ ತೆಗೆದರು. ಆ ವಿಡಿಯೊ ನೋಡಿ ನಾನು ಅತ್ತಿದ್ದೇನೆ. ಹುಲಿಗಿಯ ಅಂಗಳದ ಒಂದು ಸನ್ನೆ ರಾಷ್ಟ್ರಪತಿ ಭವನದ ನಡುಮನೆಯಲ್ಲಿ ಯಾವ ಅಳುಕೂ ಇಲ್ಲದೆ ನಿಂತಿತ್ತು.

ಆದರೆ ಮಂಜಮ್ಮನವರನ್ನು ತೋರಿಸಿ ‘ನೋಡಿ, ಈಗೆಲ್ಲ ಸರಿಹೋಗಿದೆ’ ಎನ್ನುವವರ ಮಾತಿಗೆ ನಾನು ಒಪ್ಪುವುದಿಲ್ಲ. ಕಲೆ ಇದ್ದವರನ್ನು ಮಾತ್ರ, ದೇವರ ಹೆಸರು ಹೊತ್ತವರನ್ನು ಮಾತ್ರ ಒಪ್ಪಿಕೊಳ್ಳುವುದಾದರೆ ಉಳಿದವರು ಎಲ್ಲಿಗೆ ಹೋಗಬೇಕು? ಎಲ್ಲ ಟ್ರಾನ್ಸ್‌ಜೆಂಡರ್‌ಗಳೂ ಜೋಗತಿಯರಲ್ಲ. ಮುತ್ತು ಬೇಡ, ಪಡ್ಡಲಗಿ ಬೇಡ, ಅಂಗಡಿಯಲ್ಲಿ ಲೆಕ್ಕ ಬರೆದುಕೊಂಡು ಇರುತ್ತೇನೆ ಎನ್ನುವ ಹುಡುಗಿಯೂ ನನ್ನ ಬಳಿಗೆ ಬರುತ್ತಾಳೆ. ಮನೆಯೊಳಗೆ ಬಾಗಿಲು ಹಾಕಿಕೊಂಡು ಸೀರೆ ಉಡುವ, ಹೊರಗೆ ಪ್ಯಾಂಟು ತೊಟ್ಟು ಕೆಲಸಕ್ಕೆ ಹೋಗುವ, ಮದುವೆಯಾದ ಗಂಡಸರೂ ಇದ್ದಾರೆ. ಬಯಲಾಟದಲ್ಲಿ ಸ್ತ್ರೀವೇಷ ಕಟ್ಟಿದ ಗಂಡಸಿಗೆ ಆಯೇರಿ ಮಾಡಿ ಗೌರವಿಸುವ ಊರಲ್ಲಿ, ಬೆಳಗಾದ ಮೇಲೆ ಅದೇ ಸೀರೆಯಲ್ಲಿ ಬಜಾರಿಗೆ ಬಂದರೆ ಕಲ್ಲು ಬೀಳುತ್ತದೆ.

ಉಡುಗೆಯ ಮೇಲಿನ ಈ ಸಿಟ್ಟಿಗೆ ಕಾನೂನಿನ ಬೆಂಬಲವೂ ಇತ್ತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಹಿಜಡಾಗಳಿಗಾಗಿಯೇ ಒಂದು ಭಾಗವಿತ್ತು. ಪೊಲೀಸರ ಪಟ್ಟಿಯಲ್ಲಿ ಹೆಸರಿದ್ದವರು ಹೆಣ್ಣಿನ ಉಡುಗೆ ತೊಟ್ಟು ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು, ಎರಡು ವರ್ಷದವರೆಗೆ ಜೈಲಿಗೆ ಕಳಿಸಬಹುದಿತ್ತು. ಅದೇ ಅಚ್ಚಿನ ಕಾನೂನನ್ನು 1919ರಲ್ಲಿ ಹೈದರಾಬಾದ್ ಸಂಸ್ಥಾನವೂ ತಂದಿತು. ಆಗ ಹೊಳೆಯ ಈಚೆಗಿನ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿ, ಆಚೆಗಿನ ಹುಲಿಗಿ ನಿಜಾಮರ ಆಳ್ವಿಕೆಯಲ್ಲಿ. ಹೈದರಾಬಾದಿನ ಆ ಕಾಯ್ದೆಯನ್ನು ತೆಲಂಗಾಣ ಹೈಕೋರ್ಟ್ ಸಂವಿಧಾನಬಾಹಿರವೆಂದು ರದ್ದುಪಡಿಸಿದ್ದು 2023ರಲ್ಲಿ, ನೂರು ವರ್ಷ ದಾಟಿದ ಮೇಲೆ. ನಮ್ಮ ಕರ್ನಾಟಕವೂ ಹಿಂದೆ ಬೀಳಲಿಲ್ಲ. 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಈ ಸಮುದಾಯದವರ ಹೆಸರು, ವಿಳಾಸದ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಹೋರಾಟಗಾರರು ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಸಮುದಾಯವನ್ನು ಹೆಸರಿಸಿದ್ದ ಪದವನ್ನು ಅದರಿಂದ ತೆಗೆಯಬೇಕಾಯಿತು.

ಇದನ್ನೆಲ್ಲ ತಿರುಗಿಸಿದ್ದು 2014ರ ಏಪ್ರಿಲ್ 15ರ ಸುಪ್ರೀಂ ಕೋರ್ಟ್ ತೀರ್ಪು. ಕಾನೂನು ವಲಯದಲ್ಲಿ ಅದನ್ನು ನಾಲ್ಸಾ ತೀರ್ಪು ಎನ್ನುತ್ತೇವೆ. ತಾವು ಗಂಡೋ, ಹೆಣ್ಣೋ, ಇವೆರಡೂ ಅಲ್ಲದವರೋ ಎಂಬುದನ್ನು ಹೇಳಬೇಕಾದವರು ಅವರವರೇ ಎಂದು ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಬರೆದರು. ನನಗೆ ಅದರಲ್ಲಿ ಬಹಳ ಮುಖ್ಯವೆನಿಸುವುದು ಬಟ್ಟೆಯ ವಿಚಾರ. ಒಬ್ಬರು ತಮ್ಮ ಲಿಂಗತ್ವವನ್ನು ಉಡುಗೆ, ಮಾತು, ನಡೆಯ ಮೂಲಕ ತೋರಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದಿತು ನ್ಯಾಯಾಲಯ. ಪತ್ರಿಕೆಯಲ್ಲಿ ಬರೆಯುವುದಕ್ಕೆ ನಮಗಿರುವ ಹಕ್ಕೇ ಸೀರೆ ಉಟ್ಟು ಬಜಾರಿಗೆ ಹೋಗುವವರಿಗೂ ಇದೆ.

ತೀರ್ಪಿನ ನಂತರ ಸಂಸತ್ತು 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆ ಕಾಯ್ದೆ ಮಾಡಿತು, 2020ರಲ್ಲಿ ನಿಯಮಗಳು ಬಂದವು. ಗುರುತಿನ ಪ್ರಮಾಣಪತ್ರ ಕೊಡುವ ಕೆಲಸ ಜಿಲ್ಲಾಧಿಕಾರಿಗೆ ಸೇರಿತು. ಅರ್ಜಿ, ಜೊತೆಗೊಂದು ಅಫಿಡವಿಟ್ ಕೊಟ್ಟರೆ ಸಾಕು, ದೇಹ ತಪಾಸಣೆ ಬೇಡ, ಮೂವತ್ತು ದಿನದೊಳಗೆ ಕೊಡಬೇಕು ಎಂದು ಆ ನಿಯಮಗಳು ಹೇಳಿದವು. ಇಷ್ಟರಲ್ಲೇ 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆಯವರಿಗೆ ಜಿಲ್ಲಾಧಿಕಾರಿ ಕಚೇರಿ ಊರಲ್ಲೇ ಬಂತು. ಸಂಡೂರು, ಕಂಪ್ಲಿಯವರು ಮಾತ್ರ ಬಳ್ಳಾರಿಗೇ ಹೋಗಬೇಕು. ದೂರಕ್ಕಿಂತ ದೊಡ್ಡ ತೊಡಕು ಹಳೆಯ ಕಾಗದಗಳದು. ಚಿಕ್ಕಂದಿನಲ್ಲೇ ಮನೆ ಬಿಟ್ಟವರ ಬಳಿ ಶಾಲೆಯ ಟಿಸಿ ಎಲ್ಲಿರಬೇಕು? ಅಫಿಡವಿಟ್ ಬರೆಸಲು ಕುಳಿತ ಒಬ್ಬರು ನನ್ನನ್ನು ಕೇಳಿದರು: ‘ಅಕ್ಕಾ, ಹಳೇ ಹೆಸ್ರು ಬರೀಲೇಬೇಕೇನ್ರಿ? ಅದನ್ ಕೇಳಿದ್ರೆ ಹೊಟ್ಟ್ಯಾಗ ಸಂಕಟ ಆಗ್ತದ್ರಿ.’ ಬರೆಯಲೇಬೇಕಿತ್ತು, ಬರೆದೆ. ಜನನ ಪ್ರಮಾಣಪತ್ರದಲ್ಲೂ ಹಳೆಯ ಹೆಸರಿನ ಜೊತೆಗೆ ಹೊಸ ಹೆಸರು, ಲಿಂಗ ನಮೂದಿಸಬೇಕೆಂದು 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು.

ನೌಕರಿಯ ವಿಷಯದಲ್ಲಿ ನಮ್ಮ ರಾಜ್ಯ ದೇಶಕ್ಕೆ ಮೊದಲಾಯಿತು. ಮೀಸಲು ಪೊಲೀಸ್ ಪಡೆಯ ನೇಮಕದ ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಅಂಕಣ ಇದ್ದುದನ್ನು ಪ್ರಶ್ನಿಸಿ ಬೆಂಗಳೂರಿನ ಸಂಗಮ ಸಂಸ್ಥೆ ಹೈಕೋರ್ಟ್‌ಗೆ ಹೋಯಿತು. ಅದರ ಫಲವಾಗಿ 2021ರ ಜುಲೈನಲ್ಲಿ ಸರ್ಕಾರ ನೇಮಕಾತಿ ನಿಯಮ ತಿದ್ದಿ, ಎಲ್ಲ ವರ್ಗಗಳೊಳಗೂ ಶೇ 1 ಮೀಸಲಾತಿ ಕೊಟ್ಟಿತು. ಆದರೆ ಹತ್ತನೇ ಕ್ಲಾಸು ಮುಗಿಸುವ ಮೊದಲೇ ಶಾಲೆಯಿಂದ ಗೇಲಿಗೆ ಹೆದರಿ ಓಡಿಬಂದವರಿಗೆ ಅದು ಎಟಕುವುದಿಲ್ಲ. ಅದಕ್ಕೇ ಕೆಲಸ ಶಾಲೆಯಿಂದ ಶುರುವಾಗಬೇಕೆಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಸಂಸತ್ತಿನ ಆ ಕಾಯ್ದೆಯಲ್ಲಿ ನನ್ನನ್ನು ಕೆರಳಿಸುವ ಭಾಗವೂ ಇದೆ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದರೆ 2019ರ ಕಾಯ್ದೆ ಇಟ್ಟ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ. ಒಂದೇ ನೋವಿಗೆ ಎರಡು ತೂಕ. ಮದುವೆ, ದತ್ತು, ಆಸ್ತಿಯ ಪಾಲಿನ ಬಗ್ಗೆ ಆ ಕಾಯ್ದೆ ಬಾಯಿಯನ್ನೇ ಬಿಡಲಿಲ್ಲ.

ಆಸ್ತಿಯ ಜಗಳವೇ ನನ್ನ ಬಳಿ ಹೆಚ್ಚು ಬರುವುದು. ಕಾಲುವೆ ನೀರಿನ ಗದ್ದೆ ಇರುವ ಮನೆಯ ಒಬ್ಬ ಹಿರಿಯ ಜೋಗತಿ ಈಗ ನನ್ನ ಕಕ್ಷಿದಾರರು. ‘ದೇವ್ರಿಗೆ ಬಿಟ್ಟಾಗೈತಿ, ಪಾಲ್ಯಾಕೆ?’ ಎಂಬುದು ಅಣ್ಣತಮ್ಮಂದಿರ ವಾದ. ಕರ್ನಾಟಕದಲ್ಲಿ 1994ರಿಂದ, ದೇಶದಲ್ಲೆಲ್ಲ 2005ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹಾಗಿರುವಾಗ ನನ್ನ ಕಕ್ಷಿದಾರರನ್ನು ಮಗನೆಂದು ಬರೆದರೂ, ಮಗಳೆಂದು ಬರೆದರೂ, ಇವೆರಡೂ ಅಲ್ಲವೆಂದು ಬರೆದರೂ ಪಾಲು ಕಡಿಮೆಯಾಗಲು ಕಾರಣವೇ ಇಲ್ಲ ಎಂಬುದು ನನ್ನ ವಾದ. ಇನ್ನು ದೇವರಿಗೆ ಬಿಡುವ ಮಾತು: ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು ರಾಜ್ಯ 1982ರ ಕಾಯ್ದೆಯಿಂದಲೇ ನಿಷೇಧಿಸಿದೆ. ಅಂಥ ಬಿಡುವಿಕೆಯನ್ನು ಮುಂದಿಟ್ಟುಕೊಂಡು ಯಾರ ಹಕ್ಕನ್ನೂ ಕಿತ್ತುಕೊಳ್ಳಲು ಬರುವುದಿಲ್ಲ ಎಂದೂ ಬರೆದಿದ್ದೇನೆ. ಮುಂದಿನ ತಾರೀಖಿಗೆ ಅಣ್ಣತಮ್ಮಂದಿರ ಪಾಟಿ ಸವಾಲು. ಹಬ್ಬಕ್ಕೆ ಈಕೆಯನ್ನು ಕರೆಸಿ, ಮನೆಯ ಹೊಸ್ತಿಲಿಗೆ ಭಂಡಾರ ಹಾಕಿಸಿಕೊಂಡು, ಉಡಿ ತುಂಬಿ ಕಳಿಸಿದ್ದು ಹೌದೇ ಎಂಬುದು ನಾನು ಕೇಳಲಿರುವ ಮೊದಲ ಪ್ರಶ್ನೆ.