ಬೆನ್ನುನೋವೂ ಪ್ರಶ್ನಪತ್ರಿಕೆಯೂ

ಬೆನ್ನುನೋವನ್ನರಿಯದ ಮನೆ ವಿರಳ. ನೀರಿನ ಕೊಡವನ್ನೆತ್ತುವಾಗ ಸೊಂಟ ಹಿಡಿದುಕೊಂಡಿತೆಂಬ ಮಾತು ನಮಗೆಲ್ಲ ಪರಿಚಿತವಾದುದೇ. ಆದರೆ ಆ ನೋವು ಬಿಡದೆ ಕಾಡಿ, ಶಸ್ತ್ರವೈದ್ಯರನ್ನು ಕಾಣಬೇಕಾಗಿ ಬಂದಾಗ ಕಷ್ಟವು ಬೇರೊಂದು ರೂಪವನ್ನು ತಾಳುವುದು.

ಕೆನಡಾ ದೇಶದಲ್ಲಿ ವೈದ್ಯರ ಹಾಗೂ ಆಸ್ಪತ್ರೆಯ ವೆಚ್ಚವನ್ನು ಸರ್ಕಾರವೇ ವಹಿಸುತ್ತದೆ. ಆದರೆ ತಜ್ಞರನ್ನು ಕಾಣಲು ಸಾಮಾನ್ಯವಾಗಿ ಕುಟುಂಬದ ವೈದ್ಯರ ಪತ್ರ ಬೇಕು. ಬೆನ್ನುಮೂಳೆಯ ಶಸ್ತ್ರವೈದ್ಯರು ಕೆಲವರೇ, ಪತ್ರಗಳೋ ಅಪಾರ. ಆದಕಾರಣ ರೋಗಿಗಳು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ವಿಷಾದದ ಸಂಗತಿಯೆಂದರೆ, ಹೀಗೆ ಕಾದು ಬಂದವರಲ್ಲಿ ಹೆಚ್ಚಿನವರಿಗೆ ಶಸ್ತ್ರಕ್ರಿಯೆಯೇ ಬೇಕಾಗಿರುವುದಿಲ್ಲ. ಅವರಿಗೆ ಬೇಕಾದುದು ತಕ್ಕ ವ್ಯಾಯಾಮ, ಔಷಧ, ಧೈರ್ಯದ ನುಡಿ. ಶಸ್ತ್ರಕ್ರಿಯೆ ನಿಜವಾಗಿ ಬೇಕಾದವನು ಅವರ ಹಿಂದೆ ನರಳುತ್ತಿರುತ್ತಾನೆ.

ಈ ಸಾಲನ್ನು ವಿಂಗಡಿಸಲು ಅಲ್ಲಿನ ವೈದ್ಯರು ಕಂಡುಕೊಂಡ ಉಪಾಯಗಳಲ್ಲಿ ಪ್ರಶ್ನಪತ್ರಿಕೆಯೂ ಒಂದು. ನೋವು ಹೆಚ್ಚಾಗಿರುವುದು ಬೆನ್ನಿನಲ್ಲೋ, ಕಾಲಿನಲ್ಲೋ? ಸದಾ ಇರುವುದೋ, ಬಿಟ್ಟುಬಿಟ್ಟು ಬರುವುದೋ? ಮುಂದಕ್ಕೆ ಬಾಗಿದರೆ ಏರುವುದೆ? ನಡೆಯುವಾಗ ಬಂದ ಕಾಲುನೋವು ಕುಳಿತೊಡನೆ ಇಳಿಯುವುದೆ? ಪ್ರಶ್ನೆಗಳು ಸರಳ; ಅವುಗಳ ಅರ್ಥ ದೊಡ್ಡದು. ನರವು ಒತ್ತಲ್ಪಟ್ಟಾಗ ನೋವು ಬಹುಮಟ್ಟಿಗೆ ಬೆನ್ನಿಗಿಂತ ಕಾಲಿನಲ್ಲಿ ಮಿಗಿಲಾಗುವುದು. ಶಸ್ತ್ರಕ್ರಿಯೆಯಿಂದ ಹೆಚ್ಚು ಗುಣ ಹೊಂದುವವರೂ ಸಾಮಾನ್ಯವಾಗಿ ಇಂಥವರೇ. ಉಳಿದವರನ್ನು ತರಬೇತಿ ಹೊಂದಿದ ವ್ಯಾಯಾಮ ಚಿಕಿತ್ಸಕರು ಬೇಗನೆ ನೋಡಬಲ್ಲರು. ಸಸ್ಕಾಚವಾನ್ ಪ್ರಾಂತ್ಯದ ರೆಜೈನಾ ಮತ್ತು ಸಸ್ಕಟೂನ್ ನಗರಗಳಲ್ಲಿ, ನೋವಿನ ಬಗೆಯನ್ನರಿತು ವಿಂಗಡಿಸುವುದಕ್ಕೆಂದೇ ಚಿಕಿತ್ಸಾಲಯಗಳನ್ನು ಏರ್ಪಡಿಸಿದರು.

ಆದರೆ ಕಾಗದವು ತನ್ನ ಮೇಲೆ ಬರೆದುದನ್ನಷ್ಟೇ ಬಲ್ಲದು. ಅಲ್ಲಿ ನೆಲಸಿರುವ ಕನ್ನಡಿಗರ ಮನೆಯಲ್ಲಿ ವೃದ್ಧಮಾತೆಯ ಉತ್ತರವನ್ನು ಮಗನೋ ಸೊಸೆಯೋ ಇಂಗ್ಲಿಷಿನಲ್ಲಿ ಬರೆಯಬೇಕಾದೀತು. “ಏನೋ ಸ್ವಲ್ಪ ನೋವಪ್ಪ, ವಯಸ್ಸಾಯಿತಲ್ಲ” ಎಂದು ಆಕೆ ಅಂದುದನ್ನೇ ಬರೆದರೆ, ಆಕೆಯ ಸರದಿ ಹಿಂದೆ ಬಿದ್ದೀತು. ಮಕ್ಕಳಿಗೆ ತೊಂದರೆ ಕೊಡಬಾರದೆಂದು ನೋವನ್ನು ನುಂಗುವುದು ನಮ್ಮ ಹಿರಿಯರಿಗೆ ಅಭ್ಯಾಸವಾಗಿ ಹೋಗಿದೆ. ಆದುದರಿಂದ ಬರೆಯುವವರು ಬಳಿಯಲ್ಲಿ ಕುಳಿತು ಕೇಳಬೇಕು: “ಅಮ್ಮಾ, ನಿಲ್ಲದೆ ಎಷ್ಟು ದೂರ ನಡೆಯುತ್ತೀಯೆ? ರಾತ್ರಿ ಕಾಲು ಸೆಳೆದು ಎಚ್ಚರವಾಗುತ್ತದೆಯೆ?” ಹಾಗೆಂದು ಇಲ್ಲದ ನೋವನ್ನು ಬೆಳೆಸಿ ಬರೆಯುವುದೂ ತಪ್ಪು, ಅದು ಇನ್ನೊಬ್ಬರ ಸರದಿಯನ್ನು ಕಸಿದಂತೆ.

ಒಂದು ಎಚ್ಚರಿಕೆಯನ್ನು ವಾಚಕರು ಎಲ್ಲಿಯೇ ಇರಲಿ ನೆನಪಿಡಬೇಕು. ಬೆನ್ನುನೋವಿನೊಡನೆ ಮಲಮೂತ್ರಗಳ ಹಿಡಿತ ತಪ್ಪಿದರೆ, ತೊಡೆಗಳ ಸಂದಿ ಮರಗಟ್ಟಿದರೆ, ಕಾಲುಗಳು ಥಟ್ಟನೆ ಬಲಗುಂದಿದರೆ, ಯಾವ ಪ್ರಶ್ನಪತ್ರಿಕೆಗೂ ಯಾವ ಸರದಿಗೂ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗತಕ್ಕದ್ದು. ವಿಳಂಬವಾದರೆ ನರಗಳಿಗಾದ ಹಾನಿ ಶಾಶ್ವತವಾಗಬಹುದು.

ಪ್ರಶ್ನಪತ್ರಿಕೆಯು ವೈದ್ಯರ ಕೈಯನ್ನೂ ಕಣ್ಣನ್ನೂ ಎಂದಿಗೂ ಮೀರಲಾರದು. ಆದರೆ ಯಾರನ್ನು ಮೊದಲು ನೋಡಬೇಕೆಂಬುದನ್ನು ಅದು ತಿಳಿಸಬಲ್ಲದು. ನೋಯುತ್ತ ಕಾಯುವವನಿಗೆ ಅದು ಅಲ್ಪ ಉಪಕಾರವೆಂದು ನಮಗೆ ತೋರುವುದಿಲ್ಲ.