ಶೂ ನಿಂತಿತು, ಕಾಲು ನಿಲ್ಲಲಿಲ್ಲ: ಚುರುಕು ಗಾರ್ಡ್‌ಗಳಿಗೆ ಬ್ಯಾಸ್ಕೆಟ್‌ಬಾಲ್ ಶೂ ಆರಿಸುವುದು ಹೇಗೆ?

ಕಳೆದ ವರ್ಷ ಬೆಂಗಳೂರಿನಲ್ಲಿ ನಡೆದ ಕಾಲೇಜು ಟೂರ್ನಿಯೊಂದರ ಮೂರನೇ ಕ್ವಾರ್ಟರ್. ನಮ್ಮ ತಂಡದ ಪಾಯಿಂಟ್ ಗಾರ್ಡ್, ಐದಡಿ ಎರಡಿಂಚಿನ ಹುಡುಗಿ, ಚೆಂಡು ಹಿಡಿದು ಬಲಕ್ಕೆ ನುಗ್ಗಿದಳು. ಎದುರಾಳಿಯೂ ಅತ್ತಲೇ ವಾಲಿದಳು. ನಮ್ಮವಳು ಬಲಗಾಲು ಊರಿ ಸರಕ್ಕನೆ ಎಡಕ್ಕೆ ತಿರುಗಿದಳು. ತಿಂಗಳುಗಟ್ಟಲೆ ನಾನೇ ಹೇಳಿಕೊಟ್ಟಿದ್ದ ಚಲನೆ ಅದು. ಆದರೆ ತಿರುಗಿದವಳು ಮುಂದೆ ಹೋಗಲಿಲ್ಲ, ಅಲ್ಲೇ ಕುಸಿದಳು. ಯಾರೂ ಮುಟ್ಟಿರಲಿಲ್ಲ.

ಬೆಂಚಿನ ಮೇಲೆ ಕೂರಿಸಿ ಐಸ್ ಇಡುವಾಗ "ಏನಾಯ್ತಮ್ಮಾ?" ಅಂತ ಕೇಳಿದೆ. ಅಳು ನುಂಗಿಕೊಂಡು ಹೇಳಿದಳು: "ಶೂ ನಿಂತ್ಕೊಂತು ಸಾರ್, ಕಾಲು ನಿಲ್ಲಲಿಲ್ಲ."

ಆ ಶೂ ಆರಿಸಿದ್ದು ನಾನು. ಅವಳ ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾರೆ. ನಾಲ್ಕೂವರೆ ಸಾವಿರ ಕೈಗಿಟ್ಟು "ನೀವೇ ನೋಡಿ ಒಳ್ಳೇದು ಕೊಡ್ಸಿ ಸಾರ್" ಅಂದಿದ್ದರು. ನಾನು ದೊಡ್ಡ ಆಟಗಾರನ ಹೆಸರಿದ್ದ, ಎತ್ತರದ ಕಾಲರಿನ, ರಿಯಾಯಿತಿಯಲ್ಲಿ ಸಿಕ್ಕ ಶೂ ಕೊಡಿಸಿದೆ. "ಬೆಳೆಯೋ ಕಾಲು" ಅಂತ ಒಂದು ಸೈಜ್ ದೊಡ್ಡದನ್ನೇ ತೆಗೆಸಿದೆ. ಕಾಲೇಜು ದಿನಗಳಲ್ಲಿ ನಾನೂ ಗಾರ್ಡ್ ಆಗಿ ಆಡಿದವನು. ಆದರೂ ಶೂ ವಿಷಯದಲ್ಲಿ ನನಗಿದ್ದದ್ದು ತಿಳಿವಳಿಕೆ ಅಲ್ಲ, ಬರೀ ನಂಬಿಕೆ ಅಂತ ಅವತ್ತು ಗೊತ್ತಾಯಿತು. ಆಮೇಲೆ ಓದಿ, ಕೇಳಿ, ಅಂಗಡಿ ಅಲೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಾರ್ಡ್‌ಗೆ ಬೇಕಾದ ಎರಡು ಹಿಡಿತ

ಬ್ಯಾಸ್ಕೆಟ್‌ಬಾಲ್ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಚೆಂಡು ಸಿಕ್ಕ ತಂಡ 8 ಸೆಕೆಂಡಿನೊಳಗೆ ಅರ್ಧ ಗೆರೆ ದಾಟಬೇಕು, 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಚೆಂಡನ್ನು ಮುಂದಕ್ಕೆ ಒಯ್ಯುವ ಹೊಣೆ ಬಹುಪಾಲು ಗಾರ್ಡ್‌ನದು. ಬುಟ್ಟಿಯ ಕೆಳಗೆ ಆಡುವ ಎತ್ತರದ ಆಟಗಾರರ ಕಾಲಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಹಾರಿ ಇಳಿಯುವಾಗ. ಚುರುಕು ಗಾರ್ಡ್‌ನ ಕಾಲಿನ ಕೆಲಸವೇ ಬೇರೆ: ಓಡು, ತಟ್ಟನೆ ನಿಲ್ಲು, ಪಕ್ಕಕ್ಕೆ ಜಿಗಿ, ಮತ್ತೆ ಓಡು. ಇದೆಲ್ಲ ನಡೆಯುವುದು ಪಾದದ ಮುಂಭಾಗದ ಮೇಲೆ. ಹಿಮ್ಮಡಿ ನೆಲಕ್ಕೆ ತಾಗುವುದು ಕಡಿಮೆ.

ಹಾಗಾಗಿ ಶೂನಿಂದ ಗಾರ್ಡ್‌ಗೆ ಬೇಕಾದದ್ದು ಎರಡೇ ಹಿಡಿತ. ಒಂದು, ನೆಲಕ್ಕೂ ಶೂಗೂ ನಡುವಿನದು. ಇನ್ನೊಂದು, ಶೂಗೂ ಕಾಲಿಗೂ ನಡುವಿನದು. ಮೊದಲನೆಯದು ತಪ್ಪಿದರೆ ಜಾರಿ ಬೀಳ್ತೀರಿ. ಎರಡನೆಯದು ತಪ್ಪಿದರೆ ಶೂ ನಿಲ್ಲುತ್ತೆ, ಒಳಗಿನ ಕಾಲು ಮುಂದುವರಿದು ಶೂವಿನ ಹೊರ ಅಂಚಿನ ಮೇಲೆ ಮಗುಚುತ್ತೆ. ನಮ್ಮ ಹುಡುಗಿಗೆ ಆದದ್ದು ಇದೇ. ಬಣ್ಣ, ಹೆಸರು, ಜಾಹೀರಾತು ಎಲ್ಲ ಇವೆರಡರ ನಂತರದ ಮಾತು.

ಮೊದಲು ನೆಲ ನೋಡಿ

ದೊಡ್ಡ ಕಂಪನಿಗಳ ದುಬಾರಿ ಶೂಗಳು ತಯಾರಾಗುವುದು ಹೆಚ್ಚಾಗಿ ನಯವಾದ ಮರದ ನೆಲಕ್ಕೆ. ಅಮೆರಿಕದ ಎನ್‌ಬಿಎ ಆಟಗಾರರು ಆಡುವುದು ಅಂಥದ್ದರ ಮೇಲೆ. ನಮ್ಮಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಂತಹ ಕೆಲವು ಕಡೆ ಬಿಟ್ಟರೆ, ಬಹುತೇಕ ಮಕ್ಕಳು ಆಡುವುದು ಶಾಲೆ, ಕಾಲೇಜು, ಪಾರ್ಕಿನ ಸಿಮೆಂಟ್ ಕೋರ್ಟಿನಲ್ಲಿ. ಮರದ ನೆಲಕ್ಕೆ ಮೆತ್ತನೆಯ ರಬ್ಬರ್ ಚೆನ್ನಾಗಿ ಅಂಟುತ್ತೆ. ಅದೇ ರಬ್ಬರ್ ಸಿಮೆಂಟಿನ ಮೇಲೆ ಪೆನ್ಸಿಲ್ ರಬ್ಬರಿನ ಹಾಗೆ ಸವೆಯುತ್ತೆ. ದಿನಾ ಎರಡು ಗಂಟೆ ಆಡುವ ಗಾರ್ಡ್‌ಗೆ ಕೆಲವೇ ತಿಂಗಳಲ್ಲಿ ಹೆಬ್ಬೆರಳ ಕೆಳಗಿನ ಗೀರುಗಳು ಮಾಯ.

ಒಂದು ಉದಾಹರಣೆ: 2020ರಲ್ಲಿ ಅಂಡರ್ ಆರ್ಮರ್ ಕಂಪನಿ ಸ್ಟೀಫನ್ ಕರಿಯ ಎಂಟನೇ ಶೂನಲ್ಲಿ ಕೆಳಗಿನ ರಬ್ಬರ್ ಪದರವನ್ನೇ ತೆಗೆದುಹಾಕಿ, ಫೋಮನ್ನೇ ನೆಲಕ್ಕೆ ತಾಗಿಸಿತು. ಮರದ ನೆಲದ ಮೇಲೆ ಅದರ ಹಿಡಿತವನ್ನು ಹೊಗಳದವರಿಲ್ಲ. ಹಾಗಂತ ಒರಟು ಸಿಮೆಂಟಿಗೆ ಅದು ತಕ್ಕುದಲ್ಲ. ನೈಕಿಯವರು ಹೊರಾಂಗಣಕ್ಕೆಂದೇ ಗಟ್ಟಿ ರಬ್ಬರಿನ ಸೋಲ್ ಹಾಕಿ, ಅದರ ಮೇಲೆ 'ಎಕ್ಸ್‌ಡಿಆರ್' ಅಂತ ಅಚ್ಚು ಹಾಕುತ್ತಿದ್ದರು. ಬಾಳಿಕೆ ಹೆಚ್ಚಿನ ರಬ್ಬರ್ ಅಂತ ಅದರ ಅರ್ಥ. ಹಾಗೆ ಬರೆದಿಲ್ಲದಿದ್ದರೂ ಪರವಾಗಿಲ್ಲ, ಉಗುರಿನಿಂದ ಸೋಲ್ ಒತ್ತಿ ನೋಡಿ. ಸುಲಭವಾಗಿ ಗುರುತು ಮೂಡಿದರೆ ಅದು ಒಳಾಂಗಣದ ರಬ್ಬರ್.

ಗೀರುಗಳ ವಿನ್ಯಾಸವೂ ಮುಖ್ಯ. ಮೀನಿನ ಮೂಳೆಯ ಹಾಗೆ ಅಂಕುಡೊಂಕಾಗಿ ಸಾಗುವ ಹಳೇ ವಿನ್ಯಾಸ ಇವತ್ತಿಗೂ ನಂಬಿಕಸ್ತ. ಯಾವ ದಿಕ್ಕಿಗೆ ತಳ್ಳಿದರೂ ಒಂದಲ್ಲ ಒಂದು ಅಂಚು ನೆಲ ಹಿಡಿಯುತ್ತೆ. ಗೀರುಗಳ ನಡುವೆ ಸ್ವಲ್ಪ ಜಾಗ ಇರಲಿ, ಇಲ್ಲವಾದರೆ ಧೂಳು ತುಂಬಿ ಸೋಲ್ ಸ್ಲೇಟಿನಂತಾಗುತ್ತೆ. ಇನ್ನೊಂದು ಮಾತು: ಎಷ್ಟೇ ದುಡ್ಡಿನ ಶೂ ಆದರೂ ಧೂಳಿನ ಮೇಲೆ ಜಾರುತ್ತೆ. ಆಟಕ್ಕೆ ಮುಂಚೆ ಕೋರ್ಟ್ ಗುಡಿಸುವ ಒಂದು ಪೊರಕೆ ಇಡೀ ತಂಡದ ಶೂಗಳನ್ನು ಉತ್ತಮಪಡಿಸುತ್ತೆ. ನಮ್ಮ ಕಾಲೇಜುಗಳು ಇದನ್ನೂ ಮಾಡುವುದಿಲ್ಲ ಅನ್ನುವುದು ನನ್ನ ತಕರಾರು.

"ಬೆಳೆಯೋ ಕಾಲು" ಎಂಬ ತಪ್ಪು

ಶಾಲೆಯ ಕಪ್ಪು ಶೂ ಒಂದು ಸೈಜ್ ದೊಡ್ಡದು ತಗೊಂಡರೆ ನಡೆಯುತ್ತೆ. ಮುಂದೆ ಹತ್ತಿ ತುರುಕಿ ಎರಡು ವರ್ಷ ಹಾಕಿದವರು ನಾವೇ. ಗಾರ್ಡ್‌ನ ಶೂ ವಿಷಯದಲ್ಲಿ ಈ ಉಳಿತಾಯ ಕಾಲಿಗೇ ಕುತ್ತು. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಉಗುರಿನ ಅಗಲದಷ್ಟು ಜಾಗ ಸಾಕು. ಪಾದದ ಎರಡೂ ಬದಿಗೆ ಶೂ ಒತ್ತದೆ ತಾಗಿರಬೇಕು. ಹಿಮ್ಮಡಿ ಮೇಲೇಳಲೇಬಾರದು.

ಹುಡುಗಿಯರಿಗೆ ಇನ್ನೊಂದು ತೊಡಕು. ನಮ್ಮ ಅಂಗಡಿಗಳಲ್ಲಿ ಬ್ಯಾಸ್ಕೆಟ್‌ಬಾಲ್ ಶೂ ಅಂತ ಸಿಗುವುದು ಹೆಚ್ಚಾಗಿ ಗಂಡಸರ ಅಳತೆಯವು. ಹೆಣ್ಣುಮಕ್ಕಳಲ್ಲಿ ಪಾದದ ಮುಂಭಾಗಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದಾಗಿರುವುದು ಸಾಮಾನ್ಯ. ಹಾಗಾಗಿ ಮುಂದೆ ಸರಿಹೋದ ಶೂ ಹಿಂದೆ ಸಡಿಲ. 2023ರಲ್ಲಿ ಅಮೆರಿಕದ ಮಹಿಳಾ ಲೀಗಿನ ಗಾರ್ಡ್ ಸಬ್ರಿನಾ ಅಯೊನೆಸ್ಕು ಹೆಸರಿನಲ್ಲಿ ಬಂದ ಶೂ ಎನ್‌ಬಿಎ ಗಂಡಸರ ಕಾಲಿಗೂ ಏರಿತು. ನಮ್ಮ ಪೇಟೆಗೆ ಆ ಗಾಳಿ ಇನ್ನೂ ಸರಿಯಾಗಿ ಬೀಸಿಲ್ಲ. ಹಿಮ್ಮಡಿ ಸಡಿಲವಿದ್ದರೆ ಶೂವಿನ ಕೊನೆಯ ಹೆಚ್ಚುವರಿ ತೂತು ಬಳಸಿ. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಚಿಕ್ಕ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಎಳೆದು ಕಟ್ಟಬೇಕು. ಹಿಮ್ಮಡಿ ಹಿಂದಕ್ಕೆ ಕೂರುತ್ತೆ. ಖರ್ಚು ಸೊನ್ನೆ.

ಎತ್ತರದ ಶೂ ಆಂಕಲ್ ಕಾಪಾಡುತ್ತಾ?

ನನ್ನ ದೊಡ್ಡ ಮೂಢನಂಬಿಕೆ ಇದೇ ಆಗಿತ್ತು. 1993ರಲ್ಲಿ ಅಮೆರಿಕದಲ್ಲಿ 622 ಕಾಲೇಜು ಆಟಗಾರರಿಗೆ ಚೀಟಿ ಎತ್ತಿದ ಹಾಗೆ ಎತ್ತರದ ಮತ್ತು ಗಿಡ್ಡ ಶೂಗಳನ್ನು ಹಂಚಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಕಾಲು ಉಳುಕುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೋಬಿ ಬ್ರಯಾಂಟ್ ಫುಟ್‌ಬಾಲ್ ಆಟಗಾರರನ್ನು ನೋಡಿ, ಅವರಷ್ಟು ತಿರುಗುವವರೇ ಗಿಡ್ಡ ಶೂ ಹಾಕುವಾಗ ನಮಗೇಕೆ ಬೇಡ ಅಂತ ಪಟ್ಟು ಹಿಡಿದು ತನ್ನ ನಾಲ್ಕನೇ ನೈಕಿ ಶೂವನ್ನು ಗಿಡ್ಡವಾಗಿಯೇ ಮಾಡಿಸಿದ. ಅಲ್ಲಿಂದ ಗಾರ್ಡ್‌ಗಳ ಲೋಕದಲ್ಲಿ ಗಿಡ್ಡ ಶೂ ಸಹಜವಾಯಿತು.

ಹಾಗಾದರೆ ಆಂಕಲ್ ಕಾಪಾಡುವುದು ಯಾವುದು? ಆಸ್ಟ್ರೇಲಿಯಾದ ಆಟಗಾರರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂದೆ ಗಾಯವಾಗಿದ್ದವರಿಗೆ ಆಂಕಲ್ ಪೆಟ್ಟಿನ ಅಪಾಯ ಸುಮಾರು ಐದು ಪಟ್ಟು. ಅಂದರೆ ಮೊದಲ ಉಳುಕನ್ನು ಪೂರ್ತಿ ವಾಸಿ ಮಾಡಿಕೊಳ್ಳದೆ ಅಂಗಳಕ್ಕಿಳಿಯುವುದೇ ದೊಡ್ಡ ತಪ್ಪು. 2011ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ಲೇಸ್ ಕಟ್ಟುವ ಆಂಕಲ್ ಬ್ರೇಸ್ ಹಾಕಿದ ಹೈಸ್ಕೂಲ್ ಆಟಗಾರರಲ್ಲಿ ಇಂಥ ಗಾಯಗಳ ಪ್ರಮಾಣ ಹಾಕದವರ ಮೂರನೇ ಒಂದರಷ್ಟಕ್ಕೆ ಇಳಿದಿತ್ತು. ಸ್ಟೀಫನ್ ಕರಿಗೆ 2011 ಮತ್ತು 2012ರಲ್ಲಿ ಬಲ ಆಂಕಲ್‌ಗೆ ಎರಡು ಸಲ ಶಸ್ತ್ರಚಿಕಿತ್ಸೆ ಆಗಿತ್ತು. ಅವನನ್ನು ಎಬ್ಬಿಸಿ ನಿಲ್ಲಿಸಿದ್ದರಲ್ಲಿ ಸೊಂಟ, ತೊಡೆಗಳಿಗೆ ಬಲ ತುಂಬಿದ ವ್ಯಾಯಾಮದ ಪಾತ್ರ ದೊಡ್ಡದು. ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುವುದರಿಂದ ನಮ್ಮ ಮಕ್ಕಳೂ ಶುರು ಮಾಡಬಹುದು.

ಮೆತ್ತಗಿದ್ದರೆ ಒಳ್ಳೆಯದಲ್ಲ

ಅಂಗಡಿಯಲ್ಲಿ ಶೂ ಹಾಕಿ ನಿಂತಾಗ "ಆಹಾ, ಹಾಸಿಗೆ ಥರ ಇದೆ" ಅನಿಸಿದರೆ ಗಾರ್ಡ್ ಎಚ್ಚರವಾಗಬೇಕು. ದಪ್ಪ, ಮೆತ್ತನೆಯ ಫೋಮ್ ನಿಮ್ಮನ್ನು ನೆಲದಿಂದ ಮೇಲೆತ್ತುತ್ತೆ. ಎತ್ತರ ಹೆಚ್ಚಿದಷ್ಟೂ ಪಕ್ಕಕ್ಕೆ ಮಗುಚುವುದು ಸುಲಭ, ತೇರಿನ ಹಾಗೆ. ಆ ಆಸ್ಟ್ರೇಲಿಯಾ ಅಧ್ಯಯನದಲ್ಲೇ ಹಿಮ್ಮಡಿಯಲ್ಲಿ ಗಾಳಿಕೋಶವಿದ್ದ ಶೂ ಹಾಕಿದವರಿಗೆ ಅಪಾಯ ನಾಲ್ಕು ಪಟ್ಟಿಗೂ ಹೆಚ್ಚು ಕಂಡಿತ್ತು. ಅದು ಇಪ್ಪತ್ತೈದು ವರ್ಷದ ಹಿಂದಿನ ಶೂಗಳ ಮಾತು, ನಿಜ. ಆದರೂ ಪಾಠ ಹಳತಾಗಿಲ್ಲ.

ಹಾಗಂತ ಸಿಮೆಂಟಿನ ಮೇಲೆ ಹಲಗೆಯಂಥ ಶೂ ಹಾಕಿದರೆ ಮೊಣಕಾಲು, ಮೀನಖಂಡ ನೋಯದೆ ಇರುತ್ತಾ? ಗಾರ್ಡ್‌ಗೆ ಮೆತ್ತೆ ಬೇಕಾದದ್ದು ಪಾದದ ಮುಂಭಾಗದಲ್ಲಿ, ಒತ್ತಿದರೆ ತಕ್ಷಣ ಮರಳುವಂಥದ್ದು. ಸೋಲ್ ಮುಂಭಾಗದ ಹೊರಬದಿಯಲ್ಲಿ ಸ್ವಲ್ಪ ಅಗಲವಾಗಿ ಚಾಚಿಕೊಂಡಿದ್ದರೆ ಇನ್ನೂ ಒಳ್ಳೆಯದು.

ರನ್ನಿಂಗ್ ಶೂ ಹಾಕಿ ಆಡುವ ಮಕ್ಕಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಅದು ನೇರ ಓಡಲು ಮಾಡಿದ ಶೂ. ಹಿಮ್ಮಡಿ ಎತ್ತರ, ಪಕ್ಕದಲ್ಲಿ ಕಾಲನ್ನು ತಡೆಯುವ ಗೋಡೆ ಇಲ್ಲ. ಬ್ಯಾಸ್ಕೆಟ್‌ಬಾಲ್ ಶೂ ಕೊಳ್ಳಲು ಆಗದಿದ್ದರೆ ಗಟ್ಟಿ ಸೋಲಿನ ವಾಲಿಬಾಲ್ ಅಥವಾ ಟೆನಿಸ್ ಶೂ ಅದಕ್ಕಿಂತ ವಾಸಿ. ಅವು ಪಕ್ಕದ ಚಲನೆಗೆಂದೇ ಮಾಡಿದವು.

ಅಂಗಡಿಯಲ್ಲಿ ಐದು ನಿಮಿಷ

ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತೆ. ಆಟದ ಕಾಲುಚೀಲ ಜೊತೆಗಿರಲಿ. ಬ್ರೇಸ್ ಹಾಕುವವರು ಅದನ್ನೂ ಒಯ್ಯಿರಿ.

ಶೂವನ್ನು ಎರಡೂ ತುದಿಯಲ್ಲಿ ಹಿಡಿದು ಮಡಚಿ: ಬೆರಳು ಮಡಚುವ ಜಾಗದಲ್ಲಿ ಮಡಚಬೇಕು, ಮಧ್ಯದಲ್ಲಲ್ಲ. ಬಟ್ಟೆ ಹಿಂಡುವ ಹಾಗೆ ತಿರುಚಿ: ಸುಲಭವಾಗಿ ತಿರುಚಿಕೊಂಡರೆ ವಾಪಸ್ ಇಡಿ. ಹಿಮ್ಮಡಿಯ ಹಿಂಭಾಗ ಹಿಸುಕಿ: ಗಟ್ಟಿ ಇರಬೇಕು. ಎರಡೂ ಕಾಲಿಗೆ ಹಾಕಿ, ಲೇಸ್ ಬಿಗಿದು, ಪಕ್ಕಕ್ಕೆ ನಾಲ್ಕು ಸಲ ಜೋರಾಗಿ ಹೆಜ್ಜೆ ಇಟ್ಟು ನಿಲ್ಲಿ. ಒಳಗೆ ಕಾಲು ಜಾರಿದರೆ, ಬೆರಳು ಮುಂದಕ್ಕೆ ಬಡಿದರೆ, ಆ ಶೂ ನಿಮ್ಮದಲ್ಲ. ಯಾರ ಹೆಸರಿದ್ದರೂ ಸರಿ.

ದುಡ್ಡಿನ ಮಾತು

'ಫಸ್ಟ್ ಕಾಪಿ' ಶೂ ಬೇಡ. ಹೊರಗೆ ಥೇಟ್ ಅದೇ ಥರ ಕಾಣುತ್ತೆ, ಒಳಗೆ ಮಧ್ಯದ ಗಟ್ಟಿ ಪಟ್ಟಿ, ಒಳ್ಳೆಯ ಫೋಮ್ ಇರುತ್ತೆ ಅನ್ನುವ ಭರವಸೆ ಇಲ್ಲ. ಅದೇ ದುಡ್ಡಿಗೆ ನಿವಿಯಾ, ಡೆಕಥ್ಲಾನ್‌ನಂಥ ಕಡೆ ಸಾದಾ ಅಸಲಿ ಶೂ ಸಿಗುತ್ತೆ. ಭಾರೀ ರಿಯಾಯಿತಿಯಲ್ಲಿ ಸಿಗುವ ಹಳೇ ಸ್ಟಾಕಿನ ಶೂ ಆದರೆ ಅಂಚಿನ ಅಂಟು ನೋಡಿ. ವರ್ಷಗಟ್ಟಲೆ ಡಬ್ಬಿಯಲ್ಲೇ ಇದ್ದರೂ ಅಂಟು ಒಣಗುತ್ತೆ, ಮೊದಲ ವಾರವೇ ಸೋಲ್ ಬಾಯಿ ಬಿಡಬಹುದು.

ಕೊಂಡ ಮೇಲೆ ಅದನ್ನು ಕೋರ್ಟಿನಲ್ಲಿ ಮಾತ್ರ ಹಾಕಿ. ಅದೇ ಶೂನಲ್ಲಿ ಬೈಕ್ ಓಡಿಸುವ ಹುಡುಗರ ಎಡ ಶೂ ನೋಡಿ, ಗೇರ್ ತಾಗುವಲ್ಲಿ ಮೇಲ್ಭಾಗ ಸವೆದು ತೂತು ಬಿದ್ದಿರುತ್ತೆ. ನೆನೆದರೆ ಬಿಸಿಲಿಗಿಡದೆ, ಒಳಗೆ ನ್ಯೂಸ್‌ಪೇಪರ್ ತುರುಕಿ ನೆರಳಲ್ಲಿ ಒಣಗಿಸಿ.

ನಮ್ಮ ಹುಡುಗಿ ಆರು ವಾರ ಆಡಲಿಲ್ಲ. ವಾಪಸ್ ಬಂದ ಮೇಲೆ ಮತ್ತೆ ಅಂಗಡಿಗೆ ಹೋದೆವು. ಈ ಸಲ ದುಡ್ಡು ನನ್ನದು, ಆರಿಸುವ ಕೆಲಸ ಅವಳದು. ಅವಳು ಒಂದೊಂದೇ ಶೂ ತೆಗೆದು ಮಡಚಿ, ತಿರುಚಿ, ಹಿಸುಕಿ ನೋಡುತ್ತಿದ್ದಳು. ಅಂಗಡಿಯವರು ತಡೆಯಲಾರದೆ "ಏನಮ್ಮಾ, ಮುರಿದು ಹಾಕ್ತೀಯಾ?" ಅಂದರು.

"ಮುರಿಯೋದಾದ್ರೆ ಇಲ್ಲೇ ಮುರೀಲಿ ಅಂಕಲ್" ಅಂದಳು. ಕೊನೆಗೆ ಅವಳು ಆರಿಸಿದ್ದು ಹೆಸರಿಲ್ಲದ, ಗಿಡ್ಡ, ಗಟ್ಟಿ ಸೋಲಿನ ಬೂದು ಬಣ್ಣದ ಜೋಡಿ. ನಾನು ಕೊಡಿಸಿದ್ದಕ್ಕಿಂತ ಸಾವಿರದ ಮುನ್ನೂರು ರೂಪಾಯಿ ಕಡಿಮೆ. ಉಳಿದ ದುಡ್ಡಿನಲ್ಲಿ ಒಂದು ಆಂಕಲ್ ಬ್ರೇಸ್ ತಗೊಂಡೆವು.