ಕ್ರಿಸ್ತರಾಜರು ಯಾವ ಪಕ್ಷದವರು?



ಪೂಜಾವರ್ಷದ ಕೊನೆಯ ಭಾನುವಾರ ನಾವು ಕ್ರಿಸ್ತರಾಜರ ಮಹೋತ್ಸವವನ್ನು ಆಚರಿಸುತ್ತೇವೆ. ಪೋಪ್ ಹನ್ನೊಂದನೇ ಪಯಸ್‌ರವರು ಈ ಹಬ್ಬವನ್ನು 1925ರ ಡಿಸೆಂಬರ್ 11ರಂದು ಸ್ಥಾಪಿಸಿದರು. ಮೊದಲನೇ ಮಹಾಯುದ್ಧ ಮುಗಿದು ಆಗಿನ್ನೂ ಏಳು ವರ್ಷ. ಇಟಲಿಯಲ್ಲಿ ಮುಸೊಲಿನಿ ಅಧಿಕಾರ ಹಿಡಿದಿದ್ದ. ಸರ್ಕಾರಗಳು ಮನುಷ್ಯನ ದುಡಿಮೆಯನ್ನಷ್ಟೇ ಅಲ್ಲ, ಅವನ ಮನಸ್ಸಾಕ್ಷಿಯನ್ನೂ ಕೇಳತೊಡಗಿದ್ದ ಆ ಕಾಲದಲ್ಲಿ, ಎಲ್ಲ ಸರ್ಕಾರಗಳ ಮೇಲೆ ಒಬ್ಬ ಅರಸರಿದ್ದಾರೆ ಎಂದು ನೆನಪಿಸಲು ಪೋಪ್‌ರವರು ಈ ಹಬ್ಬವನ್ನು ನಮಗೆ ಕೊಟ್ಟರು. ಮೂರು ವರ್ಷಗಳಿಗೊಮ್ಮೆ ಈ ಹಬ್ಬದಂದು ಸಂತ ಲೂಕರ 23ನೇ ಅಧ್ಯಾಯವನ್ನು ಓದುತ್ತೇವೆ. ಅಲ್ಲಿ ಈ ಅರಸರಿಗೆ ಸಿಂಹಾಸನವಿಲ್ಲ, ಶಿಲುಬೆಯಿದೆ. ಪಕ್ಕದಲ್ಲಿ ಮಂತ್ರಿಗಳಿಲ್ಲ, ಮರಣದಂಡನೆಗೆ ಗುರಿಯಾದ ಇಬ್ಬರು ಅಪರಾಧಿಗಳಿದ್ದಾರೆ. ಅವರಲ್ಲೊಬ್ಬನಿಗೆ ಅಂದೇ ಪರಂಧಾಮದ ವಾಗ್ದಾನ ಸಿಗುತ್ತದೆ.

ಈ ಹಬ್ಬದ ಪ್ರಬೋಧನೆಗೆ ಸಿದ್ಧತೆ ಮಾಡುತ್ತಿದ್ದಾಗ ಬೆಳಗಿನ ಬಲಿಪೂಜೆ ಮುಗಿಸಿ ಬಂದ ತಾಯಿಯೊಬ್ಬರು ನನ್ನನ್ನು ತಡೆದು ಕೇಳಿದರು: "ಫಾದರ್, ಅಮೆರಿಕದಲ್ಲಿ ಈಗ ನಮ್ಮವರದೇ ಕಾರುಬಾರಂತೆ. ಉಪಾಧ್ಯಕ್ಷರು ಕಥೋಲಿಕರು, ಕೋರ್ಟಿನಲ್ಲಿ ಕಥೋಲಿಕರು. ಹಾಗಿದ್ದ ಮೇಲೆ ಪೋಪ್‌ರವರು, ಬಿಷಪರು ಅವರ ಮೇಲೆಯೇ ಯಾಕೆ ಮಾತಾಡ್ತಾರೆ? ನನ್ನ ಮಗ ಫೋನಿನಲ್ಲಿ ಬೇಜಾರು ಮಾಡ್ಕೊಂಡ." ಅವರ ಮಗ ಕೆಲಸದ ವೀಸಾದ ಮೇಲೆ ಅಲ್ಲಿಗೆ ಹೋಗಿ, ಹಸಿರು ಕಾರ್ಡಿಗಾಗಿ ವರ್ಷಗಳಿಂದ ಕಾಯುತ್ತಿರುವವನು. ತಾನು ಕಾನೂನಿನಂತೆ ಬಂದವನು, ಗಡಿ ದಾಟಿ ಬಂದವರಿಗೂ ತನಗೂ ಸಂಬಂಧವಿಲ್ಲ ಎಂಬುದು ಅವನ ವಾದ. ಗುಡಿಯ ಮೆಟ್ಟಿಲ ಮೇಲೆ ನಿಂತು ಎರಡು ಮಾತಿನಲ್ಲಿ ಉತ್ತರಿಸುವ ಪ್ರಶ್ನೆ ಅದಾಗಿರಲಿಲ್ಲ. ನಮ್ಮ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿರುವುದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಅಮೆರಿಕದ ವಯಸ್ಕರಲ್ಲಿ ಕಥೋಲಿಕರು ಸುಮಾರು ಐದರಲ್ಲಿ ಒಂದು ಪಾಲು. ಒಂದು ಕಾಲದಲ್ಲಿ ಅವರನ್ನು ರಾಜಕೀಯದ ಹೊಸ್ತಿಲೊಳಗೆ ಬಿಟ್ಟುಕೊಳ್ಳಲೂ ಜನ ಹಿಂಜರಿಯುತ್ತಿದ್ದರು. 1928ರಲ್ಲಿ ನ್ಯೂಯಾರ್ಕಿನ ರಾಜ್ಯಪಾಲ ಆಲ್ ಸ್ಮಿತ್ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ, ದೇಶವನ್ನು ರೋಮಿನಿಂದ ಆಳುತ್ತಾರೆ ಎಂಬ ಪ್ರಚಾರ ನಡೆಯಿತು, ಅವರು ಸೋತರು. 1960ರ ಸೆಪ್ಟೆಂಬರ್ 12ರಂದು ಜಾನ್ ಕೆನೆಡಿ ಹ್ಯೂಸ್ಟನ್ ನಗರದಲ್ಲಿ ಪ್ರೊಟೆಸ್ಟೆಂಟ್ ಬೋಧಕರ ಮುಂದೆ ನಿಂತು, ತಾವು ಕಥೋಲಿಕರ ಅಭ್ಯರ್ಥಿಯಲ್ಲ, ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಎಂದು ವಿವರಣೆ ಕೊಡಬೇಕಾಯಿತು.

ಅಂದು ಕಥೋಲಿಕರಲ್ಲಿ ಬಹುಪಾಲು ಜನ ಆ ಪಕ್ಷದವರೇ. ಐರ್ಲೆಂಡ್, ಇಟಲಿ, ಪೋಲೆಂಡ್‌ಗಳಿಂದ ಬಂದ ಬಡ ವಲಸಿಗರ, ಕಾರ್ಖಾನೆ ಕಾರ್ಮಿಕರ ಮಕ್ಕಳು ಅವರು. 1919ರಲ್ಲಿ ಅಲ್ಲಿನ ಬಿಷಪರ ಹೆಸರಿನಲ್ಲಿ ಹೊರಬಂದ ಸಾಮಾಜಿಕ ಕಾರ್ಯಕ್ರಮವನ್ನು ಬರೆದವರು ಫಾದರ್ ಜಾನ್ ರಯಾನ್. ಕನಿಷ್ಠ ಕೂಲಿ, ಮುಪ್ಪಿನ ಹಾಗೂ ನಿರುದ್ಯೋಗದ ವಿಮೆ ಮುಂತಾದ ಬೇಡಿಕೆಗಳು ಅದರಲ್ಲಿದ್ದವು. ಹಲವು ಮುಂದೆ ರೂಸ್ವೆಲ್ಟ್ ಕಾಲದಲ್ಲಿ ಕಾನೂನಾದವು. ಧರ್ಮಸಭೆ ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರಿದ್ದು ಇಂದು ನಿನ್ನೆಯ ಮಾತಲ್ಲ, ಒಂದೇ ಪಕ್ಷದ ಮೂಲಕವೂ ಅಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ತಿರುವು ಬಂದದ್ದು 1973ರ ಜನವರಿ 22ರಂದು. ಗರ್ಭಪಾತ ಹೆಣ್ಣಿನ ಸಾಂವಿಧಾನಿಕ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಪೀಠದಲ್ಲಿದ್ದ ಒಬ್ಬನೇ ಕಥೋಲಿಕ ನ್ಯಾಯಾಧೀಶರೂ ತೀರ್ಪಿನ ಪರವಾಗಿದ್ದರು ಎಂಬುದನ್ನು ಈಗ ಬಹಳ ಜನ ಮರೆತಿದ್ದಾರೆ. ಆರಂಭದ ವರ್ಷಗಳಲ್ಲಿ ಇದರ ವಿರುದ್ಧ ದನಿ ಎತ್ತಿದವರು ಹೆಚ್ಚಾಗಿ ನಮ್ಮವರು. 1975ರಲ್ಲಿ ಬಿಷಪರು ಒಂದು ಯೋಜನೆ ಹೊರಡಿಸಿ, ಪ್ರತಿ ಸಂಸತ್ ಕ್ಷೇತ್ರದಲ್ಲೂ ಜೀವಪರ ಗುಂಪು ಕಟ್ಟಬೇಕೆಂದರು. 1976ರಲ್ಲಿ ಕಥೋಲಿಕ ಸಂಸದ ಹೆನ್ರಿ ಹೈಡ್ ತಂದ ತಿದ್ದುಪಡಿಯಿಂದ ಗರ್ಭಪಾತಕ್ಕೆ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯ ಹಣ ನಿಂತಿತು. 1980ರಲ್ಲಿ ರಿಪಬ್ಲಿಕನ್ ಪಕ್ಷ ಈ ವಿಷಯವನ್ನು ತನ್ನ ಪ್ರಣಾಳಿಕೆಯಲ್ಲಿ ಗಟ್ಟಿಯಾಗಿ ಬರೆದುಕೊಂಡು, ಮುಗ್ಧ ಜೀವವನ್ನು ಗೌರವಿಸುವ ನ್ಯಾಯಾಧೀಶರನ್ನು ನೇಮಿಸುವುದಾಗಿ ಹೇಳಿತು. ಅಲ್ಲಿಂದ ಮುಂದಕ್ಕೆ ಅಜ್ಜನ ಕಾಲದಿಂದ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುತ್ತಿದ್ದ ಎಷ್ಟೋ ಕುಟುಂಬಗಳು ಬಲಕ್ಕೆ ಹೊರಳಿದವು. 1960ರಲ್ಲಿ ನಮ್ಮನ್ನು ಅನುಮಾನದಿಂದ ನೋಡಿದ್ದ ಇವ್ಯಾಂಜೆಲಿಕಲ್ ಸಹೋದರರೇ ನಮ್ಮ ಪಕ್ಕಕ್ಕೆ ಬಂದು ನಿಂತರು. ಸಂಖ್ಯೆ ಅವರದಾದರೆ, ಸ್ವಾಭಾವಿಕ ನಿಯಮ, ಮಾನವ ಘನತೆ ಮುಂತಾದ ವಿಚಾರಗಳ ಬುತ್ತಿ ನಮ್ಮದು.

ಆಗಲೇ ಅಪಾಯವನ್ನು ಕಂಡವರು ಶಿಕಾಗೊದ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್. 1983ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಉಪನ್ಯಾಸವನ್ನು ನಾವು ಗುರುಮಠದಲ್ಲಿ ಪಾಠವಾಗಿ ಓದಿದ್ದೇವೆ. ಗರ್ಭದ ಶಿಶು, ಅಣುಬಾಂಬಿನ ನೆರಳಲ್ಲಿರುವ ಜನ, ಗಲ್ಲಿಗೆ ಕಾದಿರುವ ಕೈದಿ, ಸಾಯುತ್ತಿರುವ ರೋಗಿ, ಎಲ್ಲರ ಜೀವದ ಬಗ್ಗೆಯೂ ನಮ್ಮ ನಿಲುವು ಒಂದೇ ನೂಲಿನದಾಗಿರಬೇಕು ಎಂಬುದು ಅವರ ಮಾತಿನ ತಿರುಳು. ಎಲ್ಲ ಪ್ರಶ್ನೆಗಳೂ ಸಮಾನ ಎಂದು ಅವರು ಹೇಳಲಿಲ್ಲ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಡಿ ಎಂದರು. ಈ ಬೋಧನೆಗೆ 'ಹೊಲಿಗೆಯಿಲ್ಲದ ಅಂಗಿ' ಎಂಬ ಹೆಸರು ಬಿತ್ತು. ಶಿಲುಬೆಯ ಬುಡದಲ್ಲಿ ಸಿಪಾಯಿಗಳು ಹರಿಯಲು ಮನಸ್ಸಾಗದೆ ಚೀಟಿ ಹಾಕಿದ ಅಂಗಿ ಅದು.

ರಾಜಕೀಯ ಮಾತ್ರ ಹರಿಯಲು ಹಿಂದೆಮುಂದೆ ನೋಡಲಿಲ್ಲ. ಮರಣದಂಡನೆಯ ವಿಷಯವನ್ನೇ ನೋಡೋಣ. 1999ರ ಜನವರಿಯಲ್ಲಿ ಸಂತ ಎರಡನೇ ಜಾನ್ ಪಾಲ್‌ರವರು ಸೇಂಟ್ ಲೂಯಿಸ್ ನಗರಕ್ಕೆ ಬಂದಾಗ ಗಲ್ಲಿಗೆ ಕಾದಿದ್ದ ಒಬ್ಬ ಕೈದಿಯ ಪ್ರಾಣ ಉಳಿಸುವಂತೆ ಮಿಸೌರಿ ರಾಜ್ಯಪಾಲ ಮೆಲ್ ಕಾರ್ನಹನ್‌ರನ್ನು ಮುಖತಃ ಬೇಡಿಕೊಂಡರು. ರಾಜ್ಯಪಾಲರು ಬ್ಯಾಪ್ಟಿಸ್ಟ್ ಪಂಥದವರು, ಮರಣದಂಡನೆಯನ್ನು ಒಪ್ಪುವವರು. ಆದರೂ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಇನ್ನು ನೆಬ್ರಾಸ್ಕ. 2015ರಲ್ಲಿ ಅಲ್ಲಿನ ಶಾಸನಸಭೆ ಮರಣದಂಡನೆಯನ್ನು ರದ್ದು ಮಾಡಿತು, ಬಿಷಪರು ಬೆಂಬಲಿಸಿದ್ದರು. ರಾಜ್ಯಪಾಲ ಪೀಟ್ ರಿಕೆಟ್ಸ್, ಕಥೋಲಿಕರು, ತಡೆಯಾಜ್ಞೆ ಹಾಕಿದರು. ಶಾಸನಸಭೆ 30ಕ್ಕೆ 19 ಮತಗಳಿಂದ ಅದನ್ನೂ ಮೀರಿತು. ಆಗ ರಾಜ್ಯಪಾಲರು ಸ್ವಂತ ಹಣವನ್ನೂ ಕೊಟ್ಟು ಜನಮತ ಗಣನೆಗೆ ನೆರವಾದರು. 2016ರಲ್ಲಿ ಶಿಕ್ಷೆ ಮತ್ತೆ ಜಾರಿಗೆ ಬಂತು. 2018ರ ಆಗಸ್ಟ್ 2ರಂದು ಪೋಪ್ ಫ್ರಾನ್ಸಿಸ್‌ರವರು ಧರ್ಮೋಪದೇಶ ಗ್ರಂಥದ 2267ನೇ ಕಂಡಿಕೆಯನ್ನು ತಿದ್ದಿ, ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಬರೆಸಿದರು. ಅದೇ ತಿಂಗಳ 14ರಂದು ನೆಬ್ರಾಸ್ಕದಲ್ಲಿ ಒಬ್ಬ ಕೈದಿಗೆ ಮರಣದಂಡನೆ ಜಾರಿಯಾಯಿತು. 2020ರ ಜುಲೈಯಿಂದ 2021ರ ಜನವರಿಯೊಳಗೆ ಕೇಂದ್ರ ಸರ್ಕಾರ 13 ಜನರ ಪ್ರಾಣ ತೆಗೆಯಿತು. ಅದಕ್ಕೂ ಹಿಂದೆ 17 ವರ್ಷ ಅಂಥದ್ದು ನಡೆದಿರಲಿಲ್ಲ. ಅದನ್ನು ಮತ್ತೆ ಆರಂಭಿಸಿದ ಅಟಾರ್ನಿ ಜನರಲ್ ವಿಲಿಯಂ ಬಾರ್ ಕಥೋಲಿಕರು. ಲೂಕರ 23ನೇ ಅಧ್ಯಾಯವನ್ನು ಅವರೂ ಕೇಳಿರುತ್ತಾರೆ.

ಇನ್ನೊಂದು ಪಕ್ಷದವರನ್ನು ನಾನು ಬಿಟ್ಟುಕೊಡುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. 2004ರ ಅಭ್ಯರ್ಥಿ ಜಾನ್ ಕೆರಿ, 2021ರಿಂದ 2025ರವರೆಗೆ ಅಧ್ಯಕ್ಷರಾಗಿದ್ದ, ಭಾನುವಾರದ ಬಲಿಪೂಜೆ ತಪ್ಪಿಸದ ಜೋ ಬೈಡನ್, ಇಬ್ಬರೂ ಗರ್ಭಪಾತದ ಹಕ್ಕಿನ ಪರ ನಿಂತರು. ಅಂಗಿಯ ಒಂದು ತೋಳನ್ನು ಇವರು ಕತ್ತರಿಸಿದರೆ ಇನ್ನೊಂದನ್ನು ಅವರು ಕತ್ತರಿಸಿದರು.

ಸುಮಾರು ಐವತ್ತು ವರ್ಷಗಳ ಹೋರಾಟಕ್ಕೆ 2022ರ ಜೂನ್ 24ರಂದು ಫಲ ಸಿಕ್ಕಿತು. ಆ ವರ್ಷ ಅಂದೇ ಯೇಸುಸ್ವಾಮಿಯ ಪವಿತ್ರ ಹೃದಯದ ಮಹೋತ್ಸವ. 1973ರ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹಾಗೆ ತಳ್ಳಿಹಾಕಿದ ಐವರಲ್ಲಿ ನಾಲ್ವರು ಕಥೋಲಿಕರು. ತೀರ್ಪು ಬರೆದ ಸ್ಯಾಮ್ಯುಯೆಲ್ ಅಲಿಟೊ ಕೂಡ. ಅಂದು ನಾನೂ ಸಂತೋಷಪಟ್ಟೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೋರ್ಟು ಮಾಡಿದ್ದು ಪ್ರಶ್ನೆಯನ್ನು ರಾಜ್ಯಗಳ ಜನರಿಗೆ ಹಿಂದಿರುಗಿಸಿದ್ದು ಮಾತ್ರ. ಆರೇ ವಾರಗಳಲ್ಲಿ, ರಿಪಬ್ಲಿಕನ್ನರ ಕೋಟೆ ಎನಿಸಿದ ಕಾನ್ಸಸ್‌ನಲ್ಲಿ ಜೀವಪರ ತಿದ್ದುಪಡಿ ಜನಮತದಲ್ಲಿ ಸೋತಿತು. 2023ರ ನವೆಂಬರಿನಲ್ಲಿ ಒಹಾಯೊ ಜನರು ಗರ್ಭಪಾತದ ಹಕ್ಕನ್ನು ರಾಜ್ಯ ಸಂವಿಧಾನಕ್ಕೆ ಸೇರಿಸಿದರು. ಮತ ಕೈತಪ್ಪುವುದನ್ನು ಕಂಡ ರಿಪಬ್ಲಿಕನ್ ಪಕ್ಷ 2024ರ ಪ್ರಣಾಳಿಕೆಯಲ್ಲಿ ತನ್ನ ಹಳೆಯ ಮಾತನ್ನು ಮೆತ್ತಗೆ ಮಾಡಿಕೊಂಡು ಎಲ್ಲವನ್ನೂ ರಾಜ್ಯಗಳಿಗೆ ಬಿಟ್ಟಿತು. ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ಪಕ್ಷಕ್ಕೆ ಬೇಕಾದದ್ದು ಮತ. ನಮ್ಮ ಬೋಧನೆ ಮತ ತರುವವರೆಗೆ ಅದು ಅವರಿಗೂ ಬೋಧನೆ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ 2019ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದವರು. 2025ರ ಜನವರಿಯಲ್ಲಿ ಹೊಸ ಸರ್ಕಾರ ನಿರಾಶ್ರಿತರನ್ನು ಕರೆತರುವ ಕಾರ್ಯಕ್ರಮವನ್ನು ನಿಲ್ಲಿಸಿ ಗಡೀಪಾರಿಗೆ ತೊಡಗಿತು. ಬಿಷಪರು ಆಕ್ಷೇಪಿಸಿದಾಗ, ಸರ್ಕಾರದಿಂದ ಬರುವ ಹಣದ ಚಿಂತೆ ಅವರಿಗಿರಬಹುದೇ ಎಂದು ವ್ಯಾನ್ಸ್ ಪ್ರಶ್ನಿಸಿದರು. ಆ ಸೇವೆಗೆ ಬರುವುದಕ್ಕಿಂತ ಹೆಚ್ಚು ತಾವೇ ಹಾಕುತ್ತಿದ್ದೇವೆ ಎಂದು ಬಿಷಪರು ಉತ್ತರಿಸಿದರು. ಮುಂದೆ ವ್ಯಾನ್ಸ್ 'ಪ್ರೀತಿಯ ಕ್ರಮ' ಎಂಬ ಹಳೆಯ ಬೋಧನೆಯನ್ನು ಎತ್ತಿಕೊಂಡರು: ಮೊದಲು ಕುಟುಂಬ, ಆಮೇಲೆ ನೆರೆಯವರು, ಆಮೇಲೆ ಊರು, ದೇಶ, ಕೊನೆಗೆ ಉಳಿದ ಲೋಕ.

ಇದು ಅವರು ಕಟ್ಟಿದ ಕಥೆಯೇನಲ್ಲ. ಪ್ರೀತಿಗೆ ಒಂದು ಕ್ರಮವಿದೆ ಎಂದು ಸಂತ ಅಗಸ್ಟೀನರು ಹೇಳಿದ್ದಾರೆ, ಸಂತ ಥಾಮಸ್ ಅಕ್ವಿನಾಸರು ವಿವರಿಸಿದ್ದಾರೆ. ಮನೆಯ ಮಕ್ಕಳನ್ನು ಹಸಿವಿನಲ್ಲಿಟ್ಟು ಊರಿಗೆ ಊಟ ಹಾಕುವವನನ್ನು ಯಾರೂ ಮೆಚ್ಚುವುದಿಲ್ಲ. ಆದರೆ ಅದೇ ಅಕ್ವಿನಾಸರು ಅದೇ ಗ್ರಂಥದಲ್ಲಿ ಇನ್ನೊಂದು ಮಾತನ್ನೂ ಹೇಳುತ್ತಾರೆ: ಅಪರಿಚಿತನೊಬ್ಬ ಪ್ರಾಣಸಂಕಟದಲ್ಲಿದ್ದು, ಸ್ವಂತ ತಂದೆಗೆ ಅಷ್ಟು ತುರ್ತಿಲ್ಲದಿದ್ದರೆ, ಕೆಲವು ಸಂದರ್ಭಗಳಲ್ಲಿ ಮೊದಲ ನೆರವು ಆ ಅಪರಿಚಿತನಿಗೆ ಸಲ್ಲಬೇಕು. ಟಿವಿಯ ಮಾತಿನಲ್ಲಿ ಈ ಎರಡನೇ ಭಾಗ ಬಿಟ್ಟುಹೋಯಿತು. 2025ರ ಫೆಬ್ರವರಿ 10ರಂದು ಪೋಪ್ ಫ್ರಾನ್ಸಿಸ್‌ರವರು ಅಮೆರಿಕದ ಬಿಷಪರಿಗೆ ಪತ್ರ ಬರೆದು, ಪ್ರೀತಿಯ ನಿಜವಾದ ಕ್ರಮವನ್ನು ದಯಾಳು ಸಮಾರಿಯದವನ ಸಾಮತಿಯನ್ನು ಧ್ಯಾನಿಸಿ ಕಲಿಯಬೇಕೆಂದರು. ಹಿಂಸಾಚಾರಿಗಳಿಂದ ತನ್ನನ್ನು ಕಾಪಾಡಿಕೊಳ್ಳುವ ಹಕ್ಕು ದೇಶಕ್ಕಿದೆ ಎಂಬುದನ್ನೂ ಅದೇ ಪತ್ರದಲ್ಲಿ ಒಪ್ಪಿದರು. ನಮ್ಮ ಧರ್ಮೋಪದೇಶದ 2241ನೇ ಕಂಡಿಕೆಯೂ ಎರಡನ್ನೂ ಹೇಳುತ್ತದೆ: ಉಳ್ಳ ದೇಶಗಳು ಸಾಧ್ಯವಾದಷ್ಟು ವಲಸಿಗರನ್ನು ಸ್ವಾಗತಿಸಬೇಕು, ಸರ್ಕಾರ ಅದಕ್ಕೆ ಷರತ್ತು ಹಾಕಬಹುದು, ಬಂದವರು ಆ ದೇಶದ ಕಾನೂನನ್ನು ಗೌರವಿಸಬೇಕು.

ಏಪ್ರಿಲ್ 20ರ ಪುನರುತ್ಥಾನದ ಭಾನುವಾರ ವ್ಯಾನ್ಸ್ ಅಸ್ವಸ್ಥರಾಗಿದ್ದ ಪೋಪ್‌ರವರನ್ನು ಕೆಲವು ನಿಮಿಷ ಭೇಟಿಯಾದರು. ಮರುದಿನ ಬೆಳಿಗ್ಗೆ ಪೋಪ್‌ರವರು ದೈವಾಧೀನರಾದರು. ಮೇ 8ರಂದು ಆಯ್ಕೆಯಾದ ಹದಿನಾಲ್ಕನೇ ಲಿಯೊರವರು ಶಿಕಾಗೊದಲ್ಲಿ ಹುಟ್ಟಿದವರು, ಬರ್ನಾರ್ಡಿನರ ನಗರದವರು. ಇನ್ನು ಪರದೇಶದವರಿಗೆ ನಮ್ಮ ದೇಶ ಅರ್ಥವಾಗದು ಎನ್ನುವಂತಿಲ್ಲ. ಸೆಪ್ಟೆಂಬರ್ 30ರಂದು ಪತ್ರಕರ್ತರು ಕೇಳಿದಾಗ ಅವರು ಹೇಳಿದ್ದು ಇಷ್ಟೇ: ಗರ್ಭಪಾತವನ್ನು ವಿರೋಧಿಸಿ ಮರಣದಂಡನೆಯನ್ನು ಒಪ್ಪುವವನು ನಿಜವಾಗಿ ಜೀವಪರನಲ್ಲ, ಗರ್ಭಪಾತವನ್ನು ವಿರೋಧಿಸುತ್ತಾ ವಲಸಿಗರನ್ನು ಅಮಾನುಷವಾಗಿ ನಡೆಸಿಕೊಳ್ಳುವುದನ್ನು ಒಪ್ಪಿದರೆ ಅದನ್ನು ಜೀವಪರ ಎನ್ನಬಹುದೇ? ನವೆಂಬರ್ 12ರಂದು ಬಾಲ್ಟಿಮೋರ್ ಸಭೆಯಲ್ಲಿ ಅಮೆರಿಕದ ಬಿಷಪರು, ವಿವೇಚನೆಯಿಲ್ಲದ ಸಾಮೂಹಿಕ ಗಡೀಪಾರನ್ನು ವಿರೋಧಿಸುವ ವಿಶೇಷ ಸಂದೇಶವನ್ನು ಹೊರಡಿಸಿದರು. ಪರ 216, ವಿರುದ್ಧ 5. ಆ ಸಭೆಯಲ್ಲಿ ಎರಡೂ ಪಕ್ಷಗಳಿಗೆ ಹತ್ತಿರದವರೆಂದು ಹೆಸರಾದ ಬಿಷಪರಿದ್ದರು. ಹಿಂದಿನ ಅಧ್ಯಕ್ಷರಿಗೆ ಪರಮಪ್ರಸಾದ ಕೊಡಬೇಕೇ ಬೇಡವೇ ಎಂದು ನಾಲ್ಕು ವರ್ಷಗಳ ಕೆಳಗೆ ಅವರಲ್ಲಿ ಒಮ್ಮತವಿರಲಿಲ್ಲ.

ಆದ್ದರಿಂದ ಆ ತಾಯಿಗೆ ನಾನು ಹೇಳಿದ್ದು: ಅಮ್ಮಾ, ಕಥೋಲಿಕರು ಅಧಿಕಾರದಲ್ಲಿರುವುದು ಬೇರೆ, ಕಥೋಲಿಕ ಬೋಧನೆ ಅಧಿಕಾರದಲ್ಲಿರುವುದು ಬೇರೆ. ಪೋಪ್‌ರವರು ಪಕ್ಷ ಬದಲಿಸಲಿಲ್ಲ. ಗರ್ಭದ ಶಿಶುವಿನ ಪರವಾಗಿ ಮಾತಾಡಿದ ಬಾಯಿಂದಲೇ ವಲಸೆ ಬಂದ ಕೂಲಿಯವನ ಪರವಾಗಿ ಮಾತಾಡಿದರು. ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿದವರಿಗೆ ಎರಡನೆಯದು ರುಚಿಸಲಿಲ್ಲ, ಅಷ್ಟೆ. ನಿಮ್ಮ ಮಗ ಕಾನೂನಿನಂತೆ ಹೋದದ್ದು ಒಳ್ಳೆಯದೇ. ಆದರೆ ಸಮಾರಿಯದವನು ದಾರಿಯಲ್ಲಿ ಬಿದ್ದವನ ಕಾಗದಪತ್ರ ಕೇಳಲಿಲ್ಲ ಎಂಬುದನ್ನೂ ಅವನಿಗೆ ನೆನಪಿಸಿ.

ಮುಂದಿನ ಭಾನುವಾರ ಆ ತಾಯಿ ಮತ್ತೆ ಸಿಕ್ಕರು. ಮಗ ಪೂರ್ತಿ ಒಪ್ಪಲಿಲ್ಲವಂತೆ. ಆದರೆ ಆ ಬಿಷಪರ ಸಂದೇಶದಲ್ಲಿ ನಿಜವಾಗಿ ಏನಿದೆಯೋ ನೋಡಬೇಕು, ಕಳಿಸಿಕೊಡು ಎಂದನಂತೆ. ಧರ್ಮಕೇಂದ್ರದ ಕಚೇರಿಯಲ್ಲಿ ಪ್ರತಿ ತೆಗೆಸಿ ಅವರ ಕೈಗೆ ಕೊಟ್ಟಿದ್ದೇನೆ.